ಗಾಳಿ ಹಟ್ಟಿಯ ಕಡೆ ಇತ್ತು

ಮೊಳಕಾಲ್ಮೂರು
ಕಾಳಯುಕ್ತಿ ಸಂವತ್ಸರ, ಕಾರ್ತಿಕ ಬಹುಳ, ಸೋಮವಾರ
(೨೫ ನವೆಂಬರ್ ೧೯೧೮)

ಚಳ್ಳಕೆರೆಯಲ್ಲಿರುವ ನನ್ನ ಅಕ್ಕ ದ್ರಾಕ್ಷಾಯಣಮ್ಮನಿಗೆ ತಮ್ಮ ಕಲ್ಲೇಶಪ್ಪನ ಶರಣಾರ್ಥಿ.

ನಾನು ಜೀವಂತ ಇದ್ದೇನೆ, ಅದನ್ನು ಮೊದಲು ಬರೆದುಬಿಡುತ್ತೇನೆ. ನಿನ್ನ ಮೂರು ಕಾಗದಗಳೂ ತಲುಪಿದವು. ಇಪ್ಪತ್ತು ದಿನ ಉತ್ತರ ಬರೆಯದೆ ಕೂತದ್ದಕ್ಕೆ ಬೈಯಬೇಡ. ಬೈದರೂ ಸರಿಯೇ, ನಿನ್ನ ಬೈಗುಳ ಕೇಳಿ ಬಹಳ ದಿನವಾಯಿತು. ಭಾವನವರ ಜ್ವರ ಇಳಿದು ಎದ್ದು ಓಡಾಡುತ್ತಿದ್ದಾರೆ ಎಂದು ಓದಿ ಹೋದ ಜೀವ ಬಂದಂತಾಯಿತು. ಆದರೂ ಒಂದು ತಿಂಗಳು ಅವರನ್ನು ಒಲೆಯ ಮುಂದೆ ಕೂರಿಸಬೇಡ. ಈ ಇನ್‌ಫ್ಲುಯೆಂಜಾ ಜ್ವರ ಬಿಟ್ಟು ಹೋಗುವಾಗ ಎದೆಯನ್ನು ಜರಡಿ ಮಾಡಿ ಹೋಗುತ್ತದೆ. ಮಕ್ಕಳನ್ನು ಸಂತೆಗೆ ಕಳಿಸಬೇಡ.

ಇಲ್ಲಿ ಊರಾಚೆ ವರ್ತಕರೊಬ್ಬರು ಬಿಟ್ಟುಕೊಟ್ಟ ಹತ್ತಿ ಗೋದಾಮೇ ನಮ್ಮ ಆಸ್ಪತ್ರೆ. ಡಾಕ್ಟರು ಒಬ್ಬರು, ಕಾಂಪೌಂಡರ್ ನಾನೊಬ್ಬ, ಕಸ ಬಳಿದು ಹಿತ್ತಿಲ ಗುಂಡಿ ನೋಡಿಕೊಳ್ಳುವವನು ದುರುಗಣ್ಣ. ಈ ತಿಂಗಳ ಮೊದಲಿಗೆ ಮೂವರು ನಾವು, ನೆಲದ ಮೇಲೆ ಅರವತ್ತು ಜನ ರೋಗಿಗಳು. ಡಾಕ್ಟರು ನಿಂತಲ್ಲೇ ನಿದ್ದೆ ಮಾಡುತ್ತಾರೆ. ಕೆಟ್ಟವರಲ್ಲ ಅಕ್ಕ, ಸೋತಿದ್ದಾರೆ.

ಆ ಗುಂಡಿಯ ಸಂಗತಿಯನ್ನೇ ಬರೆಯಬೇಕಾಗಿದೆ. ರೋಗಿಗಳು ಹೊದ್ದ ಕಂಬಳಿ, ಹುಲ್ಲಿನ ದಿಂಬು, ಕಫ ಒರೆಸಿದ ಹತ್ತಿ, ಹಾಸಿದ ಮೇಣದ ಬಟ್ಟೆ ಎಲ್ಲವನ್ನೂ ದಿನಾ ಸುಡಬೇಕೆಂದು ಡಾಕ್ಟರ ಅಪ್ಪಣೆ. ಪಡುವಣ ಗಾಳಿ ಇರುವ ತನಕ ಹೊಗೆ ಗುಡ್ಡದ ಕಡೆ ಹೋಗುತ್ತಿತ್ತು, ಯಾರೂ ಅದನ್ನು ಕೇಳಿದವರಿಲ್ಲ. ದೀಪಾವಳಿ ಕಳೆದ ಮೇಲೆ ಗಾಳಿ ಮೂಡಣಕ್ಕೆ ತಿರುಗಿತು. ಗುಂಡಿಯಿಂದ ಕೂಗಳತೆಯಲ್ಲಿ ಕುರಿಯವರ ಹಟ್ಟಿ ಇದೆ, ನಲವತ್ತು ಗುಡಿಸಲು. ಬೆಳಗಿನ ಚಳಿಗೆ ಹೊಗೆ ಮೇಲೇಳುವುದಿಲ್ಲ, ನೆಲಕ್ಕೆ ಅಂಟಿಕೊಂಡು ಹರಿಯುತ್ತದೆ. ಸುಟ್ಟ ಉಣ್ಣೆ, ಸೀಮೆಎಣ್ಣೆ, ನೆಲ ತೊಳೆಯುವ ಕಾರ್ಬಾಲಿಕ್ ಎಲ್ಲ ಬೆರೆತ ಆ ವಾಸನೆ ಹೇಗಿರುತ್ತದೆಂದು ನಿನಗೆ ಹೇಳಲಾರೆ. ಉಂಡ ರಾಗಿ ಮುದ್ದೆಯೂ ಕಹಿಯಾಗುತ್ತದೆ.

ಒಂದು ದಿನ ಹಟ್ಟಿಯಿಂದ ಬೋರಕ್ಕ ಎಂಬಾಕೆ ಹಾಲಿನ ಕುಡಿಕೆ ಹಿಡಿದು ಬಂದು ನನ್ನ ಮುಂದೆ ಇಟ್ಟಳು.

"ನೋಡ್ರಿ ಸ್ವಾಮೇರಾ, ಹಾಲಿನ ಮ್ಯಾಲೆ ಮಸಿ ಕೆನೆ ಕಟ್ಟೈತೆ. ಇದನ್ನ ಕುಡಿಸಾನ ಅಂದ್ರೆ ಹೆಂಗ್ರಿ? ನಮ್ಮೋನು ರಾತ್ರಿಯೆಲ್ಲ ಕೂತೇ ಇರ್ತಾನೆ, ಮಲಗಿದ್ರೆ ಉಸಿರು ಹಿಡಿತೈತೆ. ಜ್ವರದಾಗಿಂದ ಉಳಿಸಿಕೊಟ್ರಿ, ಹೊಗೆಯಾಗೆ ಕೊಲ್ಲಬ್ಯಾಡ್ರಿ."

ಆಕೆಯ ಗಂಡ ಸೂರಪ್ಪ ನಮ್ಮಲ್ಲೇ ಒಂಬತ್ತು ದಿನ ಮಲಗಿದ್ದವನು. ಬದುಕುವುದಿಲ್ಲ ಎಂದುಕೊಂಡಿದ್ದೆವು. ಹತ್ತನೆಯ ದಿನ ಎದ್ದು, ಗೋಡೆ ಹಿಡಿದುಕೊಂಡು, ನಗುತ್ತಾ ಮನೆಗೆ ನಡೆದು ಹೋದ. ಈ ತಿಂಗಳಲ್ಲಿ ನಾನು ಕಂಡ ಒಂದೇ ಒಂದು ನಗು ಅದು.

ಡಾಕ್ಟರಿಗೆ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು. "ಕಲ್ಲೇಶಪ್ಪ, ಆ ಕಂಬಳಿ ಸುಡದೆ ಬಿಟ್ಟರೆ ಸಂಜೆಯೊಳಗೆ ಯಾರೋ ಬಡವರು ಎತ್ತಿಕೊಂಡು ಹೋಗಿ ಹೊದ್ದುಕೊಳ್ಳುತ್ತಾರೆ. ಆಮೇಲೆ ಆ ಮನೆಯಲ್ಲಿ ಎಷ್ಟು ಹೆಣ ಎತ್ತುತ್ತೀಯ?" ಅವರ ಮಾತೂ ನಿಜ, ಬೋರಕ್ಕನ ಮಾತೂ ನಿಜ. ಕೊನೆಗೆ, ಹಟ್ಟಿಯ ಕಡೆ ಗಾಳಿ ಇರುವಾಗ ಬೆಂಕಿ ಹಾಕಬಾರದು ಎಂದು ಒಪ್ಪಿಸಿ, ಹಟ್ಟಿಯವರಿಗೂ ಹಾಗೆಂದು ಮಾತು ಕೊಟ್ಟೆ. ದುರುಗಣ್ಣ ಬೆಳಿಗ್ಗೆ ಒಂದು ಹಿಡಿ ಮಣ್ಣು ತೂರಿ ಗಾಳಿ ನೋಡುತ್ತಿದ್ದ, ಆಮೇಲೆ ಬಂದು ಹೇಳುತ್ತಿದ್ದ.

ಕಳೆದ ವಾರ ಮೂರು ದಿನ ಗಾಳಿ ತಿರುಗಲೇ ಇಲ್ಲ. ಗುಂಡಿ ತುಂಬಿ ಮೇಲೆ ಬಂತು. ನಾಯಿಗಳು ಬಟ್ಟೆ ಎಳೆದಾಡತೊಡಗಿದವು. ಶುಕ್ರವಾರ ಬೆಳಿಗ್ಗೆ ಚಿತ್ರದುರ್ಗದಿಂದ ದೊಡ್ಡ ಸಾಹೇಬರು ಒಂಬತ್ತಕ್ಕೆ ತನಿಖೆಗೆ ಬರುತ್ತಾರೆಂದು ಸುದ್ದಿ ಬಂತು. ಏಳು ಗಂಟೆಗೆ ಗುಂಡಿಗೆ ಬೆಂಕಿ ಬಿತ್ತು.

ಇಬ್ಬನಿಗೆ ನೆನೆದ ಹುಲ್ಲು ಉರಿಯಲಿಲ್ಲ, ಬರೀ ಹೊಗೆಯಾಯಿತು. ಹಳದಿ ಹೊಗೆ, ದಪ್ಪಗೆ, ಕುರಿಮಂದೆ ಇಳಿದ ಹಾಗೆ ಹಟ್ಟಿಗೆ ಇಳಿಯಿತು. ಗುಡಿಸಲುಗಳು ಕಾಣದಾದವು, ಕೆಮ್ಮುವ ಸದ್ದು ಮಾತ್ರ ಕೇಳುತ್ತಿತ್ತು. ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಹೆಂಗಸರು ಹೊಲದ ಕಡೆ ಓಡಿದರು. ನೀರು ಸುರಿದೆವು, ಹೊಗೆ ಇನ್ನೂ ಹೆಚ್ಚಿತು. ಸೂರಪ್ಪನಿಗೆ ಓಡಲು ಕಾಲಲ್ಲಿ ಶಕ್ತಿ ಇರಲಿಲ್ಲ. ಬೋರಕ್ಕ ಅವನನ್ನು ಬೆನ್ನ ಮೇಲೆ ಹೊತ್ತುಕೊಂಡು ಹಳ್ಳದ ತನಕ ಹೋಗಿದ್ದಳು. ನಾನು ಔಷಧಿ ಹಿಡಿದು ಓಡಿ ತಲುಪುವಾಗ ಅವನ ತುಟಿ ನೀಲಿಯಾಗಿತ್ತು. ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದ. ಹತ್ತು ಹೊಡೆಯುವ ಮೊದಲೇ ಕೈ ಸಡಿಲವಾಗಿ ಜೀವ ಹೋಯಿತು.

ದುರ್ಗದ ಸಾಹೇಬರು ಆ ದಿನ ಬರಲೇ ಇಲ್ಲ.

ಮಧ್ಯಾಹ್ನಕ್ಕೆ ಹಟ್ಟಿಯ ಹಿರಿಯ ಪೆದ್ದಣ್ಣ ಮೂವತ್ತು ಜನರನ್ನು ಕಟ್ಟಿಕೊಂಡು ಬಂದ. ಎಲ್ಲರ ಕೈಯಲ್ಲೂ ದೊಣ್ಣೆ. ಜೀವ ಇರುವವರನ್ನೂ ಗುಂಡಿಗೆ ಹಾಕಿ ಸುಡುತ್ತಾರೆಂದು ಯಾರೋ ಹಬ್ಬಿಸಿದ್ದರು. ಹಿಂದೆ ನಿಂತವರು ತೆಲುಗಿನಲ್ಲಿ "ಪೊಗ, ಪೊಗ", ಹೊಗೆ ಹೊಗೆ, ಎಂದು ಕೂಗುತ್ತಿದ್ದರು. ಡಾಕ್ಟರು ಬಾಗಿಲಿಗೆ ಅಡ್ಡ ನಿಂತರು. ಒಳಗಿದ್ದ ರೋಗಿಗಳು ಹೆದರಿ ಗೋಡೆಯ ಕಡೆ ತೆವಳುತ್ತಿದ್ದರು.

ಪೆದ್ದಣ್ಣ ಕೂಗಾಡಲಿಲ್ಲ. "ಗಾಳಿ ನೋಡಿ ಹಚ್ತೀವಿ ಅಂತ ಮಾತು ಕೊಟ್ಟಿದ್ರಿ. ಇವತ್ತು ಬೆಂಕಿ ಇಟ್ಟೋನು ಯಾರು? ಅದೊಂದು ಹೇಳ್ರಿ, ಹೋಗ್ತೀವಿ" ಅಂದ.

ದುರುಗಣ್ಣ ಗುಂಡಿಯ ಹತ್ತಿರ ಕೋಲು ಹಿಡಿದು ನಿಂತಿದ್ದ. ಯಾರೋ ಅವನ ಕಡೆ ಬೆರಳು ತೋರಿಸಿದರು. ಕಣ್ಣು ಮಿಟುಕಿಸುವುದರಲ್ಲಿ ಅವನು ನೆಲದ ಮೇಲಿದ್ದ. ಡಾಕ್ಟರು ನುಗ್ಗಿ ಬಿಡಿಸಿದರು. ಜನರಿಗೆ ಸಮಾಧಾನವಾಗಲೆಂದು ಅಲ್ಲಿಯೇ, ಎಲ್ಲರಿಗೂ ಕೇಳುವಂತೆ, "ನಿನಗೆ ಇನ್ನು ಇಲ್ಲಿ ಕೆಲಸವಿಲ್ಲ, ಹೊರಡು" ಅಂದರು. ಅವನು ಬಾಯಿಯ ರಕ್ತ ಒರೆಸಿಕೊಂಡು, ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು, ಚಳ್ಳಕೆರೆ ದಾರಿ ಹಿಡಿದ.

ಶನಿವಾರದಿಂದ ಸುಡುವುದನ್ನು ಗುಡ್ಡದ ಆಚೆಗೆ ಸಾಗಿಸಿದ್ದೇವೆ. ಗಾಡಿಯಲ್ಲಿ ತುಂಬಿ, ಮುಚ್ಚಿ, ಎರಡು ಮೈಲಿ ಒಯ್ದು, ಬಿಸಿಲೇರಿದ ಮೇಲೆ ಹಚ್ಚುತ್ತೇವೆ. ಇಷ್ಟು ಮೊದಲೇ ಮಾಡಬಹುದಿತ್ತು. ಹಟ್ಟಿಯ ಮೇಲೆ ಈಗ ಆಕಾಶ ಕಾಣುತ್ತದೆ. ರೋಗಿಗಳೂ ಕಡಿಮೆಯಾಗಿದ್ದಾರೆ, ಇಪ್ಪತ್ತೆರಡು ಜನ.

ಭಾವನವರಿಗೆ ನನ್ನ ಶರಣು ಹೇಳು. ಮಕ್ಕಳ ತಲೆ ನೇವರಿಸು. ಅವರೆಲ್ಲ ನೂರು ಕಾಲ ಬಾಳಲಿ. ಅವ್ವ ಇಲ್ಲದ ಮೇಲೆ ನನಗೆ ನೀನೇ ಅವ್ವ, ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ಇತಿ ನಿನ್ನ ತಮ್ಮ,
ಕಲ್ಲೇಶಪ್ಪ

ಮರೆತ ಮಾತು: ಅಕ್ಕ, ಮರೆತದ್ದಲ್ಲ. ಇಲ್ಲಿಯತನಕ ಬರೆದದ್ದನ್ನು ಭಾವನವರಿಗೆ ಓದಿ ಹೇಳು. ಇದು ನಿನಗೊಬ್ಬಳಿಗೆ.

ಶುಕ್ರವಾರ ಬೆಳಿಗ್ಗೆ ದುರುಗಣ್ಣ ಮಣ್ಣು ತೂರಿ ನೋಡಿ, "ಗಾಳಿ ಹಟ್ಟಿ ಕಡೀಗೇ ಐತೆ, ಇವತ್ತು ಬ್ಯಾಡ್ರಿ" ಅಂದ. "ಸಾಹೇಬರು ಬರ್ತಾರೆ ಲೇ, ಈ ರಾಶಿ ಕಂಡರೆ ನನ್ನ ಕೆಲಸ ಹೋಗ್ತದೆ" ಅಂದೆ. "ನನ್ ಕೈಲಿ ಆಗಲ್ರಿ" ಎಂದು ಕಡ್ಡಿಪೆಟ್ಟಿಗೆಯನ್ನು ನನ್ನ ಕೈಯಲ್ಲಿಟ್ಟು ದೂರ ಹೋಗಿ ನಿಂತ. ಸೀಮೆಎಣ್ಣೆ ಸುರಿದವನು ನಾನು. ಕಡ್ಡಿ ಗೀರಿದವನು ನಾನು. ಡಾಕ್ಟರಿಗೂ ತಿಳಿಯದು.

ಪೆದ್ದಣ್ಣ ಕೇಳಿದಾಗ ದುರುಗಣ್ಣ ನನ್ನ ಮುಖ ನೋಡಿದ. ನಾನು ಹೇಳುತ್ತೇನೆಂದು ಕಾದ. ಹೊಡೆತ ಬೀಳುವಾಗಲೂ ಕಾಯುತ್ತಿದ್ದ.

ನಿನ್ನೆ ಬೋರಕ್ಕ ಬಂದಿದ್ದಳು. ಗುಂಡಿ ಸಾಗಿಸಿದ್ದಕ್ಕೆ ನನ್ನ ಕಾಲು ಮುಟ್ಟಿ, "ನಮ್ ಮಾತು ಕಿವಿಗೆ ಹಾಕ್ಕಂಡೋರು ನೀವೊಬ್ರೇ ಸ್ವಾಮೇರಾ" ಅಂದಳು. ಆಗಲೂ ನಿಜ ಹೇಳದೆ ಆಕೆಯನ್ನು ಎಬ್ಬಿಸಿ ಕಳಿಸಿದೆ.

ದುರುಗಣ್ಣ ಚಳ್ಳಕೆರೆಯಲ್ಲಿ ಕೂಲಿ ಹುಡುಕುತ್ತಿರಬಹುದು. ಎಡಗಣ್ಣಿನ ಮೇಲೆ ಹೊಸ ಗಾಯ ಇದೆ, ಗುರುತು ಸಿಗುತ್ತದೆ. ಕರೆದು ಊಟಕ್ಕಿಡು, ಹಿತ್ತಿಲಲ್ಲಿ ಅಲ್ಲ, ಪಡಸಾಲೆಯಲ್ಲಿ. ನನ್ನ ತಮ್ಮ ತಪ್ಪು ಮಾಡಿದ್ದಾನೆಂದು ಹೇಳು.

ಹೇಳದೆ ಬಿಡಲು ನನಗಿನ್ನೂ ಆಸೆ ಇದೆ ಅಕ್ಕ. ಅದಕ್ಕೇ ಮೊದಲು ನಿನಗೆ ಬರೆದೆ. ಇದನ್ನು ಟಪಾಲಿಗೆ ಹಾಕಿ ಅಲ್ಲಿಂದಲೇ ಹಟ್ಟಿಗೆ ಹೋಗುತ್ತೇನೆ.