ಏಳನೇ ನಂಬರಿನ ಕಾಜಾ

ವಿಜಾಪುರ
ತಾ. ೧೮ ನವೆಂಬರ ೧೯೪೫, ರವಿವಾರ

ಪ್ರೀತಿಯ ಅಕ್ಕಾ,

ನಿನ್ನ ತಮ್ಮ ಶ್ರೀಶೈಲನ ನಮಸ್ಕಾರ. ಈ ಕಾಗದ ತಂದವನಿಗೆ ಮೊದಲು ನೀರು, ಬೆಲ್ಲ ಕೊಡು. ಊಟ ಹಾಕು. ಅವನು ಸಂತೆಯ ಕಡೆ ಹೋದ ಮೇಲೆ ಕಾಗದ ಬಿಚ್ಚು. ಅವನಿಗೆ ಕನ್ನಡ ಓದಲು ಬರುವುದಿಲ್ಲ, ಆದರೆ ನೀನು ಒಂದೊಂದು ಅಕ್ಷರದ ಮೇಲೆ ಬೆರಳಿಟ್ಟು ಮೂರು ಮನೆಗೆ ಕೇಳುವಂತೆ ಓದುತ್ತೀ. ಇದರಲ್ಲಿ ಇರುವುದೆಲ್ಲ ಅವನ ಸುದ್ದಿ.

ನಿನ್ನ ಮೊಣಕಾಲ ನೋವು ಹೇಗಿದೆ? ಎಳ್ಳೆಣ್ಣೆ ತಿಕ್ಕಿಕೊಳ್ಳುತ್ತೀಯೋ ಅಥವಾ ಅದನ್ನೂ ಚಟ್ನಿಗೆ ಸುರಿದು ಮಾಮಾನಿಗೆ ಬಡಿಸುತ್ತೀಯೋ? ಬಬಲೇಶ್ವರದ ಕಡೆ ಜೋಳ ಮೊಣಕಾಲುದ್ದ ಬಂದಿದೆ ಎಂದು ಕೇಳಿ ಸಂತೋಷವಾಯಿತು. ನಿನ್ನ ಗಂಡ ಗುರಲಿಂಗಪ್ಪ ಮಾಮಾ ಈ ಸಲವಾದರೂ ನಗುತ್ತಾನೋ ಇಲ್ಲವೋ ನೋಡಬೇಕು. ದೀಪಾವಳಿಗೆ ಬರಲಿಲ್ಲವೆಂದು ನೀನು ಸಿಟ್ಟಾಗಿರುವುದು ಗೊತ್ತು. ನಿನ್ನ ತಮ್ಮನ ಹೆಂಡತಿ ಕಾಶಿಗೆ ಈಗ ಐದನೇ ತಿಂಗಳು. ಇದ್ದಲಿ ಉರಿಸಿ ಓಡಿಸುವ ಮೋಟಾರಿನ ಕುಲುಕಾಟ ಬೇಡ ಎಂದು ಎಲ್ಲರೂ ಹೇಳಿದರು. ಅವಳು ದಿನಕ್ಕೆ ಒಂದು ಹಿಡಿ ಹುಣಸೆಹಣ್ಣು ತಿಂದು, ಅದರ ಹುಳಿಯನ್ನೆಲ್ಲ ನನ್ನ ಮೇಲೆ ತೀರಿಸುತ್ತಾಳೆ. ಈಗಂತೂ ಅವಳ ಸಿಟ್ಟಿಗೆ ನ್ಯಾಯವಾದ ಕಾರಣವೇ ಇದೆ. ಮುಂದೆ ಓದು, ತಿಳಿಯುತ್ತದೆ.

ಯುದ್ಧ ನಿಂತಿತೆಂದು ಶ್ರಾವಣದಲ್ಲಿ ಊರೆಲ್ಲ ಪೇಢೆ ಹಂಚಿದರು. ನಮ್ಮ ಕಾರಖಾನೆಯ ಹನ್ನೆರಡು ಜನ ದರ್ಜಿಗಳೂ ಬಾಯಿ ಚಪ್ಪರಿಸಿ ತಿಂದೆವು. ಸಿಪಾಯಿಗಳ ಖಾಕಿ ಶರ್ಟು ಹೊಲಿದೇ ನಾಲ್ಕು ವರ್ಷ ಹೊಟ್ಟೆ ಹೊರೆದವರು ನಾವು. ಯುದ್ಧ ನಿಂತರೆ ಶರ್ಟೂ ನಿಲ್ಲುತ್ತದೆ ಎಂಬುದು ಒಬ್ಬನ ತಲೆಗೂ ಹೊಳೆಯಲಿಲ್ಲ. ದಸರೆಯ ಮರುದಿನ ಪ್ರಲ್ಹಾದಪಂತ ಸಾವಕಾರರು ನಮ್ಮನ್ನೆಲ್ಲ ಜಮಖಾನದ ಮೇಲೆ ಕೂಡ್ರಿಸಿ ಹೇಳಿದರು, “ಸರಕಾರದ ಕೆಲಸ ಮುಗೀತಪ್ಪಾ. ಇನ್ನ ಊರ ಮಂದೀದು ಕೋಟು, ಜಾಕೀಟು ಅಷ್ಟ. ಅದಕ್ಕ ಒಬ್ಬಾಂವ ಸಾಕು.” ಕೆಟ್ಟ ಮನುಷ್ಯರಲ್ಲ ಅವರು. ಹೇಳುವಾಗ ಧೋತರದ ಚುಂಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದರು.

ನಿನಗೆ ಮುರ್ತುಜಾಸಾಬ ಗೊತ್ತಲ್ಲ, ಹೋದ ವರ್ಷ ನನ್ನ ಜೊತೆ ನಿಮ್ಮ ಮನೆಗೆ ಬಂದು, ನಿನ್ನ ಕೌದಿಯ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿದವನು. ಕಾಗದ ತಂದವನೂ ಅವನೇ. ಸಣ್ಣವನಿದ್ದಾಗ ಟಾಂಗಾದ ಗಾಲಿ ಹಾಯ್ದು ಅವನ ಬಲಗಾಲು ಕೆಟ್ಟಿದೆ. ನಡೆಯುತ್ತಾನೆ, ಆದರೆ ಮಶಿನ್ನು ತುಳಿದರೆ ಗಳಿಗೆಯಲ್ಲಿ ಬಾವು ಬರುತ್ತದೆ. ನನಗೋ, ಮಶಿನ್ನಿನ ಮೇಲೆ ಎಷ್ಟು ಕೆಲಸವಾದರೂ ಸರಿ, ಗುಂಡಿ ತೂರಿಸುವ ಕಾಜಾ ಹಾಕು ಎಂದರೆ ದಾರವೆಲ್ಲ ಗಂಟಾಗುತ್ತದೆ. ಸಣ್ಣವನಿದ್ದಾಗ ನೀನೇ ಎಷ್ಟು ಸಲ ಬಿಚ್ಚಿಸಿ ಬೈದಿಲ್ಲ! ಹೀಗಾಗಿ ನಾವಿಬ್ಬರೂ ಸಾವಕಾರರಿಗೆ ತಿಳಿಯದಂತೆ ಒಂದು ಹಂಚಿಕೆ ಮಾಡಿಕೊಂಡಿದ್ದೆವು. ಅವನ ಶರ್ಟುಗಳ ಉದ್ದ ಹೊಲಿಗೆಯೆಲ್ಲ ನನ್ನದು, ನನ್ನ ಶರ್ಟುಗಳ ಕಾಜಾ ಎಲ್ಲ ಅವನದು. ಕಾರಖಾನೆಯ ನಿಯಮದ ಪ್ರಕಾರ ಇದು ತಪ್ಪು. ಅವರವರ ಶರ್ಟಿನ ಗಂಟು ಅವರವರೇ ಮೊದಲಿನಿಂದ ಕಡೆತನಕ ಹೊಲಿದು, ತಮ್ಮ ನಂಬರಿನ ಚೀಟಿ ಕಟ್ಟಬೇಕು. ನನ್ನದು ಏಳನೇ ನಂಬರು.

ಅವನಲ್ಲಿ ಇನ್ನೊಂದು ರೂಢಿ. ಮೊದಲು ನನ್ನ ಕಾಜಾ, ಆಮೇಲೆ ತನ್ನವು. “ಮಂದೀದು ಮೊದಲ, ನಮ್ಮದು ಕಡೀಕೆ” ಎನ್ನುತ್ತಿದ್ದ. ತನ್ನ ಗಂಟಿಗೆ ಬರುವಷ್ಟರಲ್ಲಿ ಹೊತ್ತು ಇಳಿದು ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಅವಸರದಿಂದ ಮುಗಿಸಿ ಎದ್ದುಬಿಡುತ್ತಿದ್ದ. ನಾಲ್ಕು ವರ್ಷ ನಾನು ಇದನ್ನು ಕಣ್ಣಾರೆ ನೋಡಿದ್ದೇನೆ ಅಕ್ಕಾ. ನೋಡಿಯೂ ಅದು ಏನೆಂದು ನನಗೆ ತಿಳಿದಿರಲಿಲ್ಲ.

ಸಾವಕಾರರು ಒಬ್ಬೊಬ್ಬರ ಗಂಟಿನಿಂದ ಒಂದೊಂದು ಶರ್ಟು ತೆಗೆದು ಸಾಲಾಗಿ ಹಾಸಿದರು. ಕೋಟು ಹೊಲಿಯುವವನಿಗೆ ಕಾಜಾ ಬರಬೇಕು, ಅದಕ್ಕೆ ಅವರು ನೋಡಿದ್ದು ಕಾಜಾ ಮಾತ್ರ. ಮೂಗಿನ ಮೇಲೆ ಚಾಳೀಸು ಏರಿಸಿ, ಬಗ್ಗಿ, ಒಂದೊಂದರ ಮೇಲೂ ಉಗುರು ಆಡಿಸಿದರು. ನಮ್ಮ ಇನ್ನೊಬ್ಬ ಗೆಳೆಯ ತೊರವಿಯ ಬಸಲಿಂಗಯ್ಯನದನ್ನು ಒಂದು ಗಳಿಗೆ ಹಿಡಿದು ಕೆಳಗಿಟ್ಟರು. ಮುರ್ತುಜಾನದನ್ನು ಕೈಯಲ್ಲಿ ಹಿಡಿಯಲೂ ಇಲ್ಲ. ಕಡೆಗೆ ಒಂದು ಶರ್ಟು ಎತ್ತಿ ಕಿಟಕಿಗೆ ಹಿಡಿದು, “ಏಳನೇ ನಂಬರ ಯಾರದು?” ಎಂದರು.

ನಾನು ಏನಾದರೂ ಅನ್ನುವುದರೊಳಗೆ ಪಕ್ಕದಿಂದ ಮುರ್ತುಜಾ ಅಂದ, “ನಮ್ಮ ಶ್ರೀಶೈಲಂದ್ರಿ.”

“ಈ ಕೈ ಇರಲಿ,” ಎಂದರು ಸಾವಕಾರರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರೆ. ನಾನು ಬಾಯಿ ಮುಚ್ಚಿಕೊಂಡು ಬದುಕಿದೆ ಅಕ್ಕಾ. ಹನ್ನೊಂದು ಜನ ತಮ್ಮ ತಮ್ಮ ಕತ್ತರಿ ಬಟ್ಟೆಯಲ್ಲಿ ಸುತ್ತಿಕೊಂಡು ಮೆಟ್ಟಿಲಿಳಿಯುವಾಗ ನಾನು ಬಾಗಿಲ ಹತ್ತಿರ ಗೂಟದ ಹಾಗೆ ನಿಂತಿದ್ದೆ. ಬಸಲಿಂಗಯ್ಯ ನನ್ನ ಹೆಗಲು ತಟ್ಟಿ ಹೋದ. ತೊರವಿಯಲ್ಲಿ ಅವನಿಗೆ ನಾಲ್ಕೆಕರೆ ಹೊಲವಾದರೂ ಇದೆ. ಮುರ್ತುಜಾನಿಗೆ ಸೂಜಿ ಬಿಟ್ಟರೆ ಏನಿಲ್ಲ, ಮನೆಯಲ್ಲಿ ಮಾಸುಮಬಿ ಮತ್ತು ಎರಡು ಕೂಸುಗಳು.

ಅವನನ್ನು ಹಾದಿಯಲ್ಲಿ ಹಿಡಿದು ನಿಲ್ಲಿಸಿ, ಹಾಗೆ ಯಾಕೆ ಹೇಳಿದೆ ಎಂದು ಕೇಳಿದೆ. “ನಂಬರ ನಿಂದ ಹೌದಲ್ಲೋ? ನಾ ಸುಳ್ಳ ಎಲ್ಲಿ ಹೇಳೀನಿ? ನನ್ನ ಕಾಲ ಮಶಿನ್ ತುಳಿಯಂಗಿಲ್ಲ, ನಿನ್ನ ಕೈ ಕಾಜಾ ಹಾಕಂಗಿಲ್ಲ. ಖರೆ ಹೇಳಿದ್ರ ಇಬ್ರೂ ಮನ್ಯಾಗ ಕುಂಡ್ರತೀವಿ. ಒಬ್ಬಾಂವ ಆದ್ರೂ ಉಳೀಲಿ” ಎಂದ. ನಾಳೆ ಮಳೆ ಬಂದೀತು, ಕೊಡೆ ತಗೋ ಎನ್ನುವ ಹಾಗೆ ಅಂದ.

ಇದನ್ನು ಕಾಶಿಗೆ ಹೇಳಿದಾಗ ಅವಳು ಎರಡು ದಿನ ನನ್ನ ಮುಂದೆ ರೊಟ್ಟಿಯ ತಾಟು ಕುಕ್ಕಿ ಹೋದಳು. ಮೂರನೇ ದಿನ, “ಅಂವ ಹೇಳಿದ್ದು ಅವನ ದೊಡ್ಡಿಸ್ತನ. ನೀವ್ ಸುಮ್ನಿದ್ರಲ್ಲ, ಅದು ಯಾರ ಸಣ್ಣತನ?” ಎಂದಳು. ಖರೆ ಹೇಳಿಬಿಡಬೇಕೆಂದು ಎರಡು ಸಲ ಸಾವಕಾರರ ಮುಂದೆ ಹೋಗಿ ನಿಂತೆ. ಒಂದು ಸಲ ಸೂಜಿ ಬೇಕಿತ್ತು ಎಂದೆ, ಇನ್ನೊಂದು ಸಲ ದಾರ ಬೇಕಿತ್ತು ಎಂದೆ. ಸೂಜಿ ದಾರ ಎರಡೂ ಸಿಕ್ಕವು, ಧೈರ್ಯ ಮಾತ್ರ ಸಿಗಲಿಲ್ಲ. ಹುಟ್ಟುವ ಕೂಸಿನ ನೆನಪಾಗಿ ಕಾಲು ತಾವೇ ಹಿಂದೆ ಬಂದವು.

ಆ ವಾರವೇ ಒಬ್ಬ ವಕೀಲರ ಉಣ್ಣೆಯ ಕೋಟು ಬಂತು. ಅದರ ಕಾಜಾ ನಾನೇ ಹಾಕಬೇಕು, ಸಾವಕಾರರ ಕಣ್ಣೆದುರಿಗೆ. ಸಿಕ್ಕಿಬಿದ್ದೆ ಎಂದುಕೊಂಡು ಮನೆಗೆ ಬಂದರೆ ಮುರ್ತುಜಾ ಕಟ್ಟೆಯ ಮೇಲೆ ಕೂತಿದ್ದ. ಮಡಿಲಲ್ಲಿ ಖಾಕಿಯ ಚಿಂದಿಗಳ ಗಂಟು. “ಕಾಜಾ ಕಲೀತೀಯೋ, ಇಲ್ಲಾ ನಾ ಹೇಳಿದ್ದು ದಂಡ ಮಾಡ್ತೀಯೋ?” ಎಂದ. ಅಂದಿನಿಂದ ದಿನಾಲು ಸಂಜೆ ಬಿಸಿಲಿರುವಾಗ ಬಂದು, ಕತ್ತಲಾಗುವವರೆಗೆ ಕಲಿಸಿದ. ನನ್ನ ಬೆರಳು ತನ್ನ ಬೆರಳಲ್ಲಿ ಹಿಡಿದು, ಎಷ್ಟು ಬಿಗಿ ಎಳೆಯಬೇಕು, ಎಲ್ಲಿ ಸಡಿಲು ಬಿಡಬೇಕು ಎಂದು ತೋರಿಸಿದ. ಸಾಲಿ ಮಾಸ್ತರರಿಗಿಂತ ಹೆಚ್ಚು ಬೈದ. ಕಾಶಿ ಚಹಾ ಕೊಟ್ಟರೆ ಅರ್ಧ ಕುಡಿದು ಅರ್ಧ ನನಗೆ ಕೊಡುತ್ತಿದ್ದ.

ಅಕ್ಕಾ, ಹೇಗೆ ಹೇಳಲಿ? ತನ್ನ ಕೈಯಿಂದ ಹೋದ ಕೆಲಸವನ್ನು ನನ್ನ ಕೈಯಲ್ಲಿ ಗಟ್ಟಿ ಮಾಡಲು ಆ ಕಾಲು ಎಳೆದುಕೊಂಡು ಅಷ್ಟು ದೂರ ಬರುತ್ತಿದ್ದನಲ್ಲ! ಅವನ ಮುಖದಲ್ಲಿ ಎಲ್ಲಾದರೂ ಒಂದಿಷ್ಟು ಹೊಟ್ಟೆಕಿಚ್ಚು, ಒಂದಿಷ್ಟು ಪಶ್ಚಾತ್ತಾಪ ಕಂಡೀತೇ ಎಂದು ಹುಡುಕಿದೆ. ಸೂಜಿ ತಪ್ಪಿದಾಗ ಬರುವ ಸಿಟ್ಟು ಬಿಟ್ಟರೆ ಏನೂ ಇರಲಿಲ್ಲ. ದಿನಾ ಗೋಳಗುಮ್ಮಟ ನೋಡುತ್ತಲೇ ಬೆಳೆದವನು ನಾನು, ಅದರ ಮುಂದೆ ಒಮ್ಮೆಯೂ ಬೆರಗಾಗಲಿಲ್ಲ. ಈ ಮನುಷ್ಯನ ಮುಂದೆ ಕೂತಾಗ ಮೈ ಝುಂ ಎಂದಿತು. ಇಷ್ಟು ದೊಡ್ಡವನ ಪಕ್ಕದಲ್ಲಿ ನಾಲ್ಕು ವರ್ಷ ಕೂತು ರೊಟ್ಟಿ ತಿಂದಿದ್ದೇನೆ, ನನಗೆ ಗೊತ್ತೇ ಆಗಲಿಲ್ಲ.

ವಕೀಲರ ಕೋಟು ಮುಗಿಯಿತು. ಸಾವಕಾರರು ಕಾಜಾದ ಮೇಲೆ ಉಗುರು ಆಡಿಸಿ, ಚಾಳೀಸಿನ ಮೇಲಿಂದ ನನ್ನನ್ನು ಬಹಳ ಹೊತ್ತು ನೋಡಿ, “ಕೈ ಬದಲಾದಂಗ ಐತಲ್ಲೋ?” ಎಂದರು. ನಾನು ತಲೆ ತಗ್ಗಿಸಿದೆ. “ಇರಲಿ. ಅಡ್ಡಿಯಿಲ್ಲ” ಎಂದು ಕೋಟು ಮಡಿಸಿಟ್ಟರು. ಅವರಿಗೆ ಎಷ್ಟು ಗೊತ್ತಿದೆಯೋ ಆ ಶಿವನೇ ಬಲ್ಲ.

ಮಾಮಾನಿಗೆ ನಮಸ್ಕಾರ. ಅವನಿಗೆಂದು ಹೊಲಿದ ಜಾಕೀಟು ಮುರ್ತುಜಾನ ಕೈಯಲ್ಲಿದೆ, ದೊಡ್ಡದಾದರೆ ಇನ್ನಷ್ಟು ಉಣ್ಣಲು ಹೇಳು. ಕಾಶಿ ನಿನ್ನ ಕಾಲಿಗೆ ಬೀಳುತ್ತಾಳೆ. ನಿನ್ನ ಆಶೀರ್ವಾದ ನಮ್ಮ ಮೂವರ ಮೇಲೂ ಇರಲಿ.

ನಿನ್ನ ತಮ್ಮ,
ಶ್ರೀಶೈಲ

ತಾ. ಕ. — ಮೋಟಾರಿಗೆ ಹೊತ್ತಾಯಿತೆಂದು ಮುರ್ತುಜಾ ಹೊರಗೆ ಅವಸರ ಮಾಡುತ್ತಿದ್ದಾನೆ. ಬರೆಯಬೇಕಾದದ್ದೇ ಬರೆದಿಲ್ಲ. ಅಪ್ಪ ನಿನಗೆ ಕೊಟ್ಟ ಕೈಮಶಿನ್ನು ಕೌದಿಗಳ ಕೆಳಗೆ ಇದೆಯಲ್ಲ, ಅವನು ಸಂತೆಯಿಂದ ಮರಳಿದ ಮೇಲೆ ಅದನ್ನು ಅವನಿಗೆ ಕೊಡು. ಕೈಯಿಂದ ತಿರುಗಿಸುವುದು, ಕಾಲಿನ ಗೊಡವೆಯಿಲ್ಲ. ಅದನ್ನು ಕೇಳುವ ಹಕ್ಕು ನನಗಿಲ್ಲ ಎಂದು ಗೊತ್ತು, ಆದರೂ ಕೇಳುತ್ತಿದ್ದೇನೆ. ಸುಮ್ಮನೆ ಕೊಟ್ಟರೆ ತಗೊಳ್ಳುವುದಿಲ್ಲ. ತುಕ್ಕು ಹಿಡಿಯುತ್ತಿದೆ, ಸಂತೆಯಲ್ಲಿ ಕೂತು ನಡೆಸು, ನನ್ನ ಕುಬಸಗಳನ್ನೂ ಹೊಲಿದುಕೊಡು ಎಂದು ಜೋರು ಮಾಡು. ನಿನ್ನ ಜೋರಿಗೆ ಯಾರೂ ಎದುರಾಡಿಲ್ಲ.

ಇನ್ನೊಂದು ಮಾತು. ಜಾಕೀಟಿನ ಐದು ಕಾಜಾಗಳೂ ನಾನೇ ಹಾಕಿದವು. ಮೇಲಿನದು ಸ್ವಲ್ಪ ಸೊಟ್ಟಗಿದೆ. ಬಿಚ್ಚಿ ಸರಿ ಮಾಡಿಕೊಡುತ್ತೇನೆ ಎಂದು ಮುರ್ತುಜಾ ಸೂಜಿ ತೆಗೆದಿದ್ದ. ಈ ಸಲ ಬೇಡ ಎಂದೆ.