ಸಿಂಕಿನ ಕೆಳಗೆ ತೊಟ್ಟಿಕ್ಕಿದ ಹಸಿರು

ಅಕ್ಕಾ, ಫೋನಿನಲ್ಲಿ ನಿನ್ನ ದನಿ ಕೇಳುವ ಧೈರ್ಯವಿಲ್ಲ, ಅದಕ್ಕೇ ಈ ಕಾರ್ಡು.

ಗ್ಯಾಸು ಉರಿಸಿದರೆ ಭೂಮಿಯೇ ಸುಡುತ್ತದೆಂದು ಕರಪತ್ರ ಹಂಚುವ ನಾನು ಹೀಟರು ಹಚ್ಚಲು ಬಿಟ್ಟಿರಲಿಲ್ಲ. ಅರಿಜೋನಾದ ಈ ಮರುಭೂಮಿಯಲ್ಲೂ ಚಳಿಗಾಲದಲ್ಲಿ ಬೆಳಗಾದರೆ ನಾಯಿಗಳ ನೀರೂ ಗಡ್ಡೆಕಟ್ಟಿರುತ್ತದೆ. ನಮ್ಮ ಮನೆಗಾಡಿಯ ಕೊಳವೆ ಒಡೆಯದಿರಲೆಂದು ನನ್ನ ಗಂಡ ವೆಂಡೆಲ್ ಸಿಂಕಿಗೆ, ನೀರು ಹೆಪ್ಪುಗಟ್ಟದಂತೆ ಹಾಕುವ ಗುಲಾಬಿ ದ್ರವದ ಬದಲು ಎಂಜಿನ್ನಿಗೆ ಹಾಕುವ ಹಸಿರು ದ್ರವವನ್ನು ಸುರಿದುಬಿಟ್ಟ. ಅದು ಸಿಹಿ, ಆದರೆ ವಿಷ. ಕೆಳಗೆ ತೊಟ್ಟಿಕ್ಕಿದ್ದನ್ನು ನೀನು ನಮ್ಮನ್ನು ನಂಬಿ ಕಳಿಸಿದ ನಿನ್ನ ನಾಯಿ ಟ್ಯಾಫಿ ನೆಕ್ಕಿದೆ. ನಮ್ಮ ನಾಯಿ ಗಸ್ ಮೂಸಿಯೂ ನೋಡಲಿಲ್ಲ.

ಪಶುವೈದ್ಯೆ ಸೂಜಿ ಚುಚ್ಚಿ, "ಕಿಡ್ನಿ ಉಳಿದಿದೆಯೋ ಇಲ್ವೋ ನಾಳೆ ಗೊತ್ತಾಗತ್ತೆ. ಬೆಚ್ಚಗಿಡಿ," ಅಂದರು.

"ನಿನ್ನ ಕರಪತ್ರ ಹೊದಿಸೋಣ್ವಾ?" ಅಂದ ವೆಂಡೆಲ್.

ಟ್ಯಾಫಿ ನನ್ನ ತೊಡೆಯ ಮೇಲೆ ನಡುಗುತ್ತಿದೆ. ಗ್ಯಾಸು ಸುಡುವುದು ಈಗಲೂ ತಪ್ಪೇ. ಹೀಟರು ಹಚ್ಚಿದವಳು ನಾನೇ.

— ಡೆಲ್ಲಾ