ನಾಲ್ಕೇ ಗಂಟೆ ದಾರಿ

ಮಾಸ್ಕೋ
ಜೂನ್ 9

ಪ್ರೀತಿಯ ಕಲೀಪಾ ಅತ್ತಿಗೆಗೆ,

ಜಿಪಾರಳ ಸಲಾಮು. ಸುಖವಾಗಿ ಬಂದು ಸೇರಿದೆ. ನೀವು ಕರಿದು ಕಟ್ಟಿಕೊಟ್ಟ ಬೋರ್ಸೋಕನ್ನು ಕೋಣೆಯ ಹುಡುಗಿಯರೇ ಮುಗಿಸಿದರು. ನನ್ನ ಪಾಲಿಗೆ ಉಳಿದದ್ದು ಪುಡಿ ಮಾತ್ರ.

ಎದುರು ನಿಂತು ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಅಪ್ಪನ ಮುಖ ಕೊನೆಯ ಸಲ ನೋಡಿದ್ದು ನಿಮ್ಮಿಂದ. ಮಾಸ್ಕೋದಿಂದ ಓಶ್‌ಗೆ ಮೂರು ಸಾವಿರ ಕಿಲೋಮೀಟರು, ನಾಲ್ಕೂಕಾಲು ಗಂಟೆ. ಅದು ಆಕಾಶದ ಮಾತಾಯಿತು. ನಿಲ್ದಾಣ ಸೇರುವುದು, ಸಾಲಿನಲ್ಲಿ ನಿಲ್ಲುವುದು, ಇಳಿದು ನಮ್ಮೂರಿನವರೆಗೆ ಬರುವುದು, ಇದಕ್ಕೆಲ್ಲ ಹಿಡಿಯುವ ಹೊತ್ತನ್ನು ಯಾರೂ ಹೇಳುವುದಿಲ್ಲ. ಹೊರಟೆಯಾ ಎಂದು ಕೇಳಲು ಆ ಬೆಳಿಗ್ಗೆ ನೀವು ಫೋನ್ ಮಾಡಿದಾಗ ಟಿಕೆಟ್ ಸಿಗಲಿಲ್ಲ ಎಂದೆ. ಆಮೇಲೆ ಹೇಗೋ ಒಂದು ಸಿಕ್ಕಿತು.

ಅಲ್ಲಿ ನಡೆದದ್ದನ್ನು ತುರ್ಗುನ್ ದೊಡ್ಡಪ್ಪ ಹೇಳಿದರು. ಮಧ್ಯಾಹ್ನದ ನಮಾಜಿಗೇ ಎತ್ತಬೇಕೆಂದು ಮುಲ್ಲಾ ಅವಸರ ಮಾಡಿದರಂತೆ. ಅಪ್ಪನನ್ನು ಮಲಗಿಸಿದ್ದ ಕಂಬಳಿ ಗುಡಾರದ ಬಾಗಿಲಿಗೆ ನೀವೇ ಅಡ್ಡ ನಿಂತು, "ಹುಡುಗಿ ವಿಮಾನ ಹತ್ತಿ ಆಯ್ತು, ನಾಲ್ಕೇ ಗಂಟೆ ದಾರಿ. ದೂರದ ಮಗಳಿಗೆ ಕಾಯದೆ ನಮ್ಮಲ್ಲಿ ಯಾರು ಮಣ್ಣು ಮಾಡಿದಾರೆ?" ಎಂದಿರಂತೆ. ಹನ್ನೆರಡಾದಾಗ ಎದುರುಗಾಳಿ ಎಂದಿರಿ. ಎರಡಾದಾಗ ಓಶ್ ಮೇಲೆ ಮೋಡ, ವಿಮಾನ ಸುತ್ತು ಹಾಕುತ್ತಿದೆ ಎಂದಿರಿ. ಆಕಾಶ ತೊಳೆದಿಟ್ಟ ಹಾಗಿತ್ತಂತೆ. ನಾಲ್ಕಾದಾಗ ದಾರಿಗೆ ಕುರಿಹಿಂಡು ಅಡ್ಡ ಬಂತು.

"ಏನಮ್ಮಾ, ನಿನ್ನ ನಾದಿನಿ ವಿಮಾನದಲ್ಲಿ ಬರ್ತಿದಾಳೋ ಕತ್ತೆ ಮೇಲೋ?" ಎಂದು ದೊಡ್ಡಪ್ಪ ಕೆಣಕಿದರೆ, "ಕತ್ತೆನಾದ್ರೂ ಬಂದೇ ಬರ್ತದಲ್ಲ ಮಾವ, ಕೂತ್ಕೊಂಡು ಚಹಾ ಕುಡೀರಿ" ಎಂದಿರಂತೆ. ಅದನ್ನು ಹೇಳುವಾಗ ಅವರು ನಗುತ್ತಲೂ ಇದ್ದರು, ಕಣ್ಣೊರೆಸಿಕೊಳ್ಳುತ್ತಲೂ ಇದ್ದರು.

ನಾನು ಬಂದಾಗ ಐದು ಗಂಟೆ. ನೀವು ಒಂದು ಮಾತೂ ಕೇಳದೆ ಕೈ ಹಿಡಿದು ಒಳಗೆ ಕರೆದೊಯ್ದು ಮುಖದ ಬಟ್ಟೆ ಸರಿಸಿದಿರಿ. ಗಂಡನನ್ನು ಬಿಟ್ಟವಳು ನನ್ನ ಹೊಸಿಲು ತುಳಿಯಬಾರದು ಎಂದಿದ್ದ ಅಪ್ಪ ಏಳು ವರ್ಷದಲ್ಲಿ ಎಷ್ಟು ಸಣ್ಣಗಾಗಿಬಿಟ್ಟಿದ್ದರು. ನನ್ನ ಸಿಟ್ಟು ಅಲ್ಲೇ ಕರಗಿತು. ಅಳುತ್ತ ಕೂತ ಹೆಂಗಸರ ನಡುವೆ ಮಗಳು ಕೂರುವ ಜಾಗವನ್ನು ಖಾಲಿ ಇಡಿಸಿದ್ದಿರಿ. ಯಾರೂ ನನ್ನನ್ನು ಆಡಿಕೊಳ್ಳಲಿಲ್ಲ. ನೀವಿರುವಾಗ ಆಡಿಕೊಳ್ಳುವ ಧೈರ್ಯ ಯಾರಿಗಿದೆ? ಅತ್ತಿಗೆ, ನಿಮ್ಮನ್ನು ಸಾಯುವವರೆಗೂ ನೆನೆಯುತ್ತೇನೆ.

ಮಕ್ಕಳಿಗೆ ಮುತ್ತು, ಅಣ್ಣನಿಗೆ ಸಲಾಮು.

ನಿಮ್ಮ ನಾದಿನಿ,
ಜಿಪಾರ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಟಿಕೆಟ್ ಸಿಗಲಿಲ್ಲ ಎಂದದ್ದು ಸುಳ್ಳು. ನಾನು ಟಿಕೆಟ್ ಕೇಳಿಯೇ ಇರಲಿಲ್ಲ, ಬರಬಾರದೆಂದೇ ಇದ್ದೆ. ಆದರೆ ನೀವು ಮರೆತಿರೋ, ಬೇಕೆಂದೇ ಬಿಟ್ಟಿರೋ, ಫೋನ್ ಕಟ್ ಮಾಡಲಿಲ್ಲ. ಹುಡುಗಿ ವಿಮಾನ ಹತ್ತಿ ಆಯ್ತು ಎಂದು ಅಷ್ಟು ಜನ ಹಿರಿಯರಿಗೆ ನೀವು ಹೇಳಿದ್ದು ಕಿವಿಗೆ ಬಿದ್ದಾಗ ನಾನು ಇಲ್ಲಿ ಬರಿಗಾಲಲ್ಲಿ ಮಂಚದ ಮೇಲೆ ಕೂತಿದ್ದೆ. ಅಪ್ಪನಿಗಾಗಿ ಏಳದವಳು, ನೀವು ಸುಳ್ಳುಗಾತಿ ಆಗಬಾರದೆಂದು ಎದ್ದು ಓಡಿದೆ.